ಹಿಟ್ಟಿನ ಕೈಯ ಬರಹ

ಇಜೇರಿ ಊರಿನ ಶಿವಗಂಗಾ ಟೀಚರ್ ಸಂಜೆ ಮನೆಯಲ್ಲಿ ಮಕ್ಕಳಿಗೆ ಬರವಣಿಗೆ ಕಲಿಸುತ್ತಾರೆ. ಹಲಗೆಯ ಮೇಲಿನ ವಿಷಯ ನೋಡಿ ಎಲ್ಲರೂ ಬರೆದರೂ ಭಾಗ್ಯಜ್ಯೋತಿಗೆ ಒಂದು ಸಾಲೂ ಹೊಳೆಯುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಮಾತ್ರ ಅವಳ ಮಾತು ನಿಲ್ಲುವುದಿಲ್ಲವೆಂದು ಕಂಡ ಟೀಚರ್, ಒಂದು ಸಂಜೆ ಅವಳ ಮುಂದೆ ಜೋಳದ ಹಿಟ್ಟು ಇಟ್ಟರು.

ಆಗಲೇ ಅವಳಪ್ಪ ಜಗದೇವಪ್ಪ ಬಾಗಿಲಿಗೆ ಬಂದ.

"ರೊಟ್ಟಿ ಬಡಿಯಾಕ ಇಲ್ಲಿಗ್ಯಾಕ ಬರಬೇಕ್ರಿ? ಇವತ್ತು ಬರೀಲಿಲ್ಲಂದ್ರ ನಾಳಿಂದ ಸಾಲಿ ಬಂದ್!"

"ಸ್ವಲ್ಪ ತಡೀರಿ ಅಣ್ಣಾರ. ಭಾಗ್ಯಜ್ಯೋತಿ, ನೀ ರೊಟ್ಟಿ ಬಡಕೋತ ಹೇಳವ್ವ, ಹೇಳಿದ್ದನ್ನ ಬರಿ," ಎಂದ ಟೀಚರ್ ಮನಸ್ಸಿನಲ್ಲೇ ಶಿವನನ್ನು ನೆನೆದರು.

ಹುಡುಗಿ ಬಡಿದ ಮೊದಲ ರೊಟ್ಟಿ ಹರಿಯಿತು. ಮತ್ತೆ ಬಡಿಯುತ್ತಾ ತುಟಿಯಲ್ಲೇ ಏನೋ ಹೇಳಿಕೊಂಡಳು. ಹಿಟ್ಟಿನ ಕೈಯಲ್ಲೇ ಪೆನ್ಸಿಲ್ ಹಿಡಿದು ಬರೆದಳು.

"ಓದ್ರಿ," ಎಂದ ಜಗದೇವಪ್ಪ.

ಟೀಚರ್ ಓದಿದರು: "ಅಪ್ಪ ಬಾಗಲದಾಗ ನಿಂತಾನ. ನನಗ ಅಂಜಿಕಿ ಆಗಾಕತ್ತೈತಿ. ಸಾಲಿ ಬಿಡಿಸಬ್ಯಾಡಪ್ಪ."

ಜಗದೇವಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಮಗಳ ಪಕ್ಕ ಕೂತ. "ಇನ್ನೊಂದು ರೊಟ್ಟಿ ಬಡಿಯವ್ವ," ಎಂದ.