ಹಾರ್ನ್ ಹಾಕದವನು

ಮಾದೇವನ ಕಾಲಿನ ಎಲುಬು ಮುರಿದದ್ದು ನನ್ನಿಂದ. ಅವನ ತಪ್ಪಿನಿಂದಲ್ಲ. ಆ ದಿನ ಓಣಿಯ ಜನರೆದುರು ನಾನು ಹೇಳಿದ ಎರಡು ಶಬ್ದ — "ಹಾರ್ನ್ ಹಾಕ್ಲಿಲ್ಲ" — ಅಕ್ಷರಶಃ ನಿಜ. ಆದರೆ ನನ್ನ ಜನ್ಮದಲ್ಲಿ ನಾನು ಆಡಿದ ಅತಿ ದೊಡ್ಡ ಸುಳ್ಳೂ ಅದೇ. ನಿಜ ಹೇಳಿದವನು ಸುಳ್ಳುಗಾರ ಹೇಗಾಗುತ್ತಾನೆ ಎಂದು ನೀವು ಕೇಳಬಹುದು. ಅದನ್ನು ಹೇಳಲೆಂದೇ ಕುಳಿತಿದ್ದೇನೆ — ನಾಲ್ಕು ವರ್ಷ ತಡವಾಗಿ.

ನನ್ನ ಉದ್ಯೋಗವನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಮುಚ್ಚಿಟ್ಟರೆ ಅದು ಇನ್ನೊಂದು ಆರೋಪವಾದೀತು. ನಾನು ಕೋರ್ಟಿನ ಗುಮಾಸ್ತ. ಕಟಕಟೆ ಹತ್ತಿದ ಸಾಕ್ಷಿಗೆ, ಸತ್ಯವನ್ನೇ ಹೇಳುತ್ತೇನೆ, ಸತ್ಯವಲ್ಲದೆ ಬೇರೇನನ್ನೂ ಹೇಳುವುದಿಲ್ಲ ಎಂದು ಪ್ರಮಾಣ ಬೋಧಿಸುವುದು ನನ್ನ ನಿತ್ಯಕರ್ಮ. ಮೊದಲು ಕುಮಟೆಯಲ್ಲಿ ಬೋಧಿಸಿದೆ, ಈಗ ಭಟ್ಕಳದಲ್ಲಿ ಬೋಧಿಸುತ್ತೇನೆ. ಮನೆ ಮಾತ್ರ ಮೊದಲಿನಿಂದಲೂ ಹೊನ್ನಾವರದಲ್ಲಿ. ಅಂದರೆ, ನಾನು ಇಷ್ಟು ವರ್ಷ ಸತ್ಯವನ್ನು ಊರಿನಿಂದ ಹೊರಗೇ ಹಂಚಿದ್ದೇನೆ.

ಐವತ್ತೊಂದನೆಯ ವಯಸ್ಸಿನವರೆಗೆ ನಾನು ಯಾವ ವಾಹನವನ್ನೂ ನಡೆಸಿದವನಲ್ಲ. ಹೆಂಡತಿ ಸಾವಿತ್ರಿ ದಿನಾ ಬೆಳಿಗ್ಗೆ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಿಡುತ್ತಿದ್ದಳು. ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ನ್ಯಾಯಾಂಗದ ಘನತೆಗೆ ತಕ್ಕ ಮುಖ ಮಾಡಿಕೊಂಡು, ಹದಿನಾರು ವರ್ಷ ಹಾಗೆಯೇ ಹೋಗಿಬಂದೆ. ಓಣಿಯ ಹೆಂಗಸರು ನಗುತ್ತಿದ್ದರು; ಕಂಡೂ ಕಾಣದವನಂತೆ ಇರುತ್ತಿದ್ದೆ. ಆಮೇಲೆ ಸಾವಿತ್ರಿಯ ಬಲಭುಜ ಹಿಡಿದುಕೊಂಡಿತು. ಡಾಕ್ಟರು ಸ್ಕೂಟರು ಬೇಡವೆಂದರು. ಅವಳ ಸ್ಕೂಟರನ್ನೇ ನಾನು ಕಲಿಯಬಹುದಿತ್ತು — ಕಲಿಯಬೇಕಿತ್ತು. ಆದರೆ ಹದಿನಾರು ವರ್ಷ ಹಿಂದೆ ಕುಳಿತ ಗಂಡಸಿಗೆ ಗೇರಿರುವ ಗಾಡಿಯ ಮೇಲೊಂದು ಹಕ್ಕಿರುತ್ತದೆ ಎಂದು ನನಗೆ ಅನ್ನಿಸಿತು. ಕುಮಟೆಯಲ್ಲಿರುವ ಅವಳ ತಮ್ಮನ ಹಳೆಯ ಮೋಟರ್‌ಸೈಕಲ್ ತೆಗೆದುಕೊಂಡೆ. ಅದನ್ನು ಹೊನ್ನಾವರಕ್ಕೆ ತಂದವನೂ ಅವನೇ. ನನ್ನ ಸ್ವಂತ ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತು ನಾನು ಗೃಹಪ್ರವೇಶ ಮಾಡಿದೆ.

ಭಯ ಎಂದರೆ ಎಂಥದು ಎಂದು ಹೇಳುತ್ತೇನೆ, ಆದರೆ ಅದನ್ನು ನೆಪವೆಂದು ತಿಳಿಯಬೇಡಿ. ಕಿಕ್ ಹೊಡೆದ ಕೂಡಲೇ ನನ್ನ ಅಂಗೈ ಬೆವರುತ್ತಿತ್ತು. ಕ್ಲಚ್ ಬಿಡುವಾಗ ಗಾಡಿ ಮುಗ್ಗರಿಸುತ್ತಿತ್ತು. ರಾತ್ರಿ ಮಲಗಿದರೂ ಎಡಗೈ ಬೆರಳು ಚಾದರವನ್ನು ಹಿಡಿದು ಬಿಡುತ್ತಿತ್ತು. ಬೀಳುವ ಹೆದರಿಕೆ ಒಂದು ಪಾಲು. ಬಿದ್ದದ್ದನ್ನು ಯಾರಾದರೂ ನೋಡಿಯಾರು ಎಂಬ ಹೆದರಿಕೆ — ಅದು ಮೂರು ಪಾಲು. ಹಾಗಾಗಿ ಮುಂದೆ ಹಿಂದೆ ಕೆಂಪು 'ಎಲ್' ಅಂಟಿಸಿಕೊಂಡು, ಬೆಳಿಗ್ಗೆ ಬೇಗನೆ, ಶಾಲೆಯ ಮೈದಾನದಲ್ಲಿ ಒಬ್ಬನೇ ಸುತ್ತುತ್ತಿದ್ದೆ.

ಅಲ್ಲಿ ನನ್ನನ್ನು ನೋಡಿದವನು ಮಾದೇವ.

ಮಾದೇವ ಶರಾವತಿಯ ಆಚೆ ದಂಡೆಯ ಕಾಸರಕೋಡು ಟೊಂಕದವನು. ಮೊಪೆಡ್ಡಿನ ಹಿಂದೆ ನೀಲಿ ಪೆಟ್ಟಿಗೆ ಕಟ್ಟಿಕೊಂಡು, ದೋಣಿಯಿಂದ ಇಳಿದ ಮೀನನ್ನು ಐಸಿನಲ್ಲಿ ಹಾಕಿಕೊಂಡು, ಸೇತುವೆ ದಾಟಿ ನಮ್ಮ ಓಣಿಗೆ ಬರುತ್ತಿದ್ದ. ಹ್ಯಾಂಡಲಿಗೆ ಕಟ್ಟಿದ ರಬ್ಬರ್ ಉಂಡೆಯನ್ನು ಹಿಸುಕಿದರೆ ಪೋಂ ಪೋಂ ಎಂಬ ಸದ್ದು. ಅದು ಕೇಳಿದರೆ ಪಾತ್ರೆ ಹಿಡಿದು ಹೆಂಗಸರು ಗೇಟಿಗೆ ಬರುತ್ತಿದ್ದರು. ಅವತ್ತು ಮೈದಾನದ ಅಂಚಿನಲ್ಲಿ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದ. ನಗಲಿಲ್ಲ. ಅದೇ ನನಗೆ ಆಶ್ಚರ್ಯ.

"ಭಟ್ರೆ, ಗಾಲಿ ನೋಡ್ಬೇಡಿ ಮಾರಾಯ್ರೆ. ಹೋಗೂ ಜಾಗ ನೋಡಿ. ಕಣ್ಣು ಹೋದಲ್ಲೇ ಗಾಡಿ ಹೋಗ್ತದೆ."

ಅಷ್ಟು ಹೇಳಿ ಹೋದ. ಆ ನಂತರ ನಾನು ಬಿದ್ದದ್ದು ಕಡಿಮೆಯಾಯಿತು. ಹೇಳಿಕೊಟ್ಟವನು ಯಾರೆಂದು ನಾನು ಯಾರಿಗೂ ಹೇಳಲಿಲ್ಲ. ಈಗ ಎಣಿಸಿದರೆ, ಕಳ್ಳತನ ಶುರುವಾದದ್ದು ಅಲ್ಲಿಂದ.

ಇನ್ನೊಂದು ವಿಷಯ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಓಣಿಯಲ್ಲಿ ಮೀನು ತಿನ್ನದ ಮನೆ ನಮ್ಮದೊಂದೇ. ಬಹಳ ಹಿಂದೆ, ಮಾದೇವ ಬರಲು ಶುರುಮಾಡಿದ ಹೊಸತರಲ್ಲಿ, ನನ್ನ ಆಯಿ ಗೇಟಿನವರೆಗೆ ಹೋಗಿ ಅವನನ್ನು ನಿಲ್ಲಿಸಿದ್ದಳು. "ಮಾದೇವಾ, ನೀ ಬಪ್ಪ ಹೊತ್ತಿಗೇ ನನ್ನ ಪೂಜೆ. ಇಲ್ಲಿ ಒಂದು ನಿನ್ನ ಪೋಂ ಪೋಂ ಬೇಡ ಮಾರಾಯ." ಅವನು "ಆತು ಅಮ್ಮಾ" ಎಂದ. ಅಂದಿನಿಂದ ನಮ್ಮ ಮನೆಯ ಪಾಗಾರಗೋಡೆ ಶುರುವಾಗುವ ತಿರುವಿನಲ್ಲಿ ಹಾರ್ನ್ ನಿಲ್ಲುತ್ತಿತ್ತು. ಪಾಗಾರ ಮುಗಿದ ಮೇಲೆ, ನಾಯ್ಕ ಮಾಸ್ತರ ಮನೆಯೆದುರು ಮತ್ತೆ ಪೋಂ ಎನ್ನುತ್ತಿತ್ತು. ಆಯಿ ತೀರಿಕೊಂಡಳು. ನಾನು ಗಾಡಿ ಕಲಿಯುವ ಹೊತ್ತಿಗೆ ಅದಕ್ಕೆ ಮೂರು ವರ್ಷವಾಗಿತ್ತು. ದೇವರಕೋಣೆಯ ಗಂಟೆ ನನ್ನ ಕೈಗೆ ಬಂದು, ಬಾರಿಸಿದರೆ ಬಾರಿಸಿದೆ, ಬಿಟ್ಟರೆ ಬಿಟ್ಟೆ ಎಂಬಂತಾಯಿತು. ಆದರೆ ಮಾದೇವ ಆ ಪಾಗಾರದುದ್ದಕ್ಕೂ ಬಾಯಿಗೆ ಬೆರಳಿಟ್ಟವನಂತೆ ಸದ್ದಿಲ್ಲದೆ ಹೋಗುತ್ತಿದ್ದ. ಆಯಿಯ ಮಾತನ್ನು ಮಗನಿಗಿಂತ ಮೀನಿನವನು ಚೆನ್ನಾಗಿ ನಡೆಸಿದ.

ಆ ದಿನ ಮೊದಲ ಬಾರಿ ಮೈದಾನದಿಂದ ಮನೆಗೆ ಗಾಡಿಯಲ್ಲೇ ಬರುತ್ತೇನೆಂದು ಹೊರಟಿದ್ದೆ. ಓಣಿ ಹೊಕ್ಕೆ. ಎರಡನೇ ಗೇರು. ತಿರುವಿನಲ್ಲಿ ಎದುರಿಗೆ ಮಾದೇವ. ನನ್ನನ್ನು ಕಂಡದ್ದೇ — ಕಲಿಯುವವನು ಬರುತ್ತಿದ್ದಾನೆ, ದಾರಿ ಬಿಡೋಣ ಎಂದು — ಅವನು ಪಾಗಾರಕ್ಕೆ ಒತ್ತಿ ಗಾಡಿ ನಿಲ್ಲಿಸಿದ. ನಿಲ್ಲಿಸಿದ್ದ. ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದ. ಅವನ ಬಲಗಡೆ ಒಂದು ಲಾರಿ ಹೋಗುವಷ್ಟು ಜಾಗವಿತ್ತು. ನಾನು ಆ ಜಾಗವನ್ನು ನೋಡಬೇಕಿತ್ತು. ನೋಡಿದ್ದು ನೀಲಿ ಪೆಟ್ಟಿಗೆಯನ್ನು. ಗುದ್ದಿಬಿಡುತ್ತೇನೆ, ಗುದ್ದಿಬಿಡುತ್ತೇನೆ ಎಂದು ಅದನ್ನೇ ನೋಡಿದೆ — ಕಣ್ಣು ಹೋದಲ್ಲಿ ಗಾಡಿ ಹೋಯಿತು. ಬ್ರೇಕು ಹಿಡಿಯುವ ಬದಲು ಆಕ್ಸಿಲರೇಟರ್ ತಿರುಚಿದೆ.

ಕಣ್ಣು ಬಿಟ್ಟಾಗ ನಾನು ಬಂಗಡೆ ಮೀನುಗಳ ನಡುವೆ ಕುಳಿತಿದ್ದೆ. ಜನಿವಾರದ ಮೇಲೆ ಐಸಿನ ನೀರು. ಮೊಪೆಡ್ಡು ಮಾದೇವನ ಕಾಲಿನ ಮೇಲಿತ್ತು. ಅದರಡಿಯಿಂದಲೇ ಅವನು ಕೇಳಿದ, "ಭಟ್ರೆ, ಪೆಟ್ಟಾತಾ?"

ನನಗೆ ಮೊಣಕೈ ತರಚಿತ್ತು, ಅಷ್ಟೇ.

ಜನ ಓಡಿ ಬಂದರು. ಎಲ್ಲರಿಗಿಂತ ಮುಂದೆ ನಾಯ್ಕ ಮಾಸ್ತರು. ನಿವೃತ್ತ ಡ್ರಿಲ್ ಮಾಸ್ತರು, ಈಗಲೂ ಓಣಿಯನ್ನು ಸಾಲಾಗಿ ನಿಲ್ಲಿಸಬಲ್ಲ ಗಂಟಲು. "ಎಂತ ಆತು? ಭಟ್ರೆ, ಎಂತ ಆತು? ಇಂವ ಎಲ್ಲಿಂದ ಬಂದ? ಹಾರ್ನ್ ಹಾಕ್ಲಿಲ್ವಾ?" ಅವರ ಹಿಂದೆ ಹೆಂಗಸರು. ಸ್ಕೂಟರಿನ ಹಿಂದೆ ಡಬ್ಬಿ ಹಿಡಿದು ಕೂತ ನನ್ನನ್ನು ನೋಡಿ ಹದಿನಾರು ವರ್ಷ ನಕ್ಕ ಅವೇ ಮುಖಗಳು. ಒಬ್ಬಳ ತುಟಿ ಆಗಲೇ ನಗಲು ಸಿದ್ಧವಾಗುತ್ತಿತ್ತು — ಅಥವಾ ನನಗೆ ಹಾಗೆ ಕಂಡಿತು.

"ಹಾರ್ನ್ ಹಾಕ್ಲಿಲ್ಲ" ಎಂದೆ.

ಮಾದೇವ ನನ್ನ ಮುಖ ನೋಡಿದ. ಆಮೇಲೆ ನಮ್ಮ ಗೇಟಿನ ಕಡೆ ನೋಡಿದ. ಅವನು ಬೈದಿದ್ದರೆ, ಅತ್ತಿದ್ದರೆ, ನಾನು... ಗೊತ್ತಿಲ್ಲ. ಬಹುಶಃ ಆಗಲೂ ಏನೂ ಮಾಡುತ್ತಿರಲಿಲ್ಲ.

ಕಟಕಟೆಯಲ್ಲಿ ಎಷ್ಟೋ ಸಾಕ್ಷಿಗಳು ಒದ್ದಾಡುವುದನ್ನು ನೋಡಿದ್ದೇನೆ. ಸುಳ್ಳು ಹೇಳುವವನು ಸಾಧಾರಣವಾಗಿ ಉದ್ದ ಮಾತಾಡುತ್ತಾನೆ. ನಾನು ಎರಡೇ ಶಬ್ದದಲ್ಲಿ ಮುಗಿಸಿದೆ. ಅನುಭವ ಸುಮ್ಮನೆ ಹೋಗುವುದಿಲ್ಲ.

ಪಾದದ ಮೇಲಿನ ಎಲುಬು ಬಿರುಕು ಬಿಟ್ಟಿತ್ತು, ಪ್ಲಾಸ್ಟರು ಹಾಕಿದರು. ಆ ಸಂಜೆಯೇ ಓಣಿಯ ವಾಟ್ಸಾಪ್ ಗುಂಪಿನಲ್ಲಿ ನಾಯ್ಕ ಮಾಸ್ತರು ಆಜ್ಞೆ ಹೊರಡಿಸಿದರು: ಹಾರ್ನ್ ಹಾಕದೆ ನುಗ್ಗುವ ಮೀನಿನ ಗಾಡಿಗಳಿಗೆ ಇನ್ನು ಮುಂದೆ ಓಣಿಯೊಳಗೆ ಪ್ರವೇಶವಿಲ್ಲ, ಮೀನು ಬೇಕಾದವರು ದೊಡ್ಡ ರಸ್ತೆಗೆ ಹೋಗಿ ತರತಕ್ಕದ್ದು. ಕೆಳಗೆ ಹದಿನೆಂಟು ಹೆಬ್ಬೆಟ್ಟು. ಹತ್ತೊಂಬತ್ತನೆಯದು ನನ್ನದು. ಹೌದು, ಹೆಬ್ಬೆಟ್ಟು ಒತ್ತಿದೆ. ಒತ್ತದಿದ್ದರೆ ಸಂಶಯ ಬಂದೀತೆಂದು.

ಸಾವಿತ್ರಿ ಮೊಣಕೈಗೆ ಅರಿಶಿನ ಹಚ್ಚುತ್ತ, ತಲೆಯೆತ್ತದೆ, "ನಾ ಮೆಟ್ಟಿಲ ಮೇಲೆ ನಿಂತು ನೋಡಿದ್ದಿ" ಎಂದಳು. ಆಮೇಲೆ ಸ್ವಲ್ಪ ತಡೆದು, "ಆಯಿ ಇದ್ದಿದ್ರೆ ಇವತ್ತು ಊಟ ಹಾಕ್ತಿತ್ತಿಲ್ಲೆ." ಅವಳು ಊಟ ಹಾಕಿದಳು. ನಾನು ಉಂಡೆ.

ಮಾದೇವ ಆಮೇಲೆ ನಮ್ಮ ಓಣಿಗೆ ಬರಲಿಲ್ಲ. ಕಾಲು ಕೂಡಿತೆಂದೂ, ಆದರೆ ಕುಂಟುತ್ತಾನೆಂದೂ, ಬೇರೆ ಕಡೆ ಸುತ್ತುತ್ತಾನೆಂದೂ ಕೇಳಿದೆ. ಮೀನು ತಿನ್ನದ ನಮ್ಮ ಮನೆಗೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಅಪರಾಧಿಗೆ ಇಷ್ಟು ಅನುಕೂಲಕರವಾದ ಅಪರಾಧ ನಾನು ಯಾವ ಫೈಲಿನಲ್ಲೂ ಓದಿಲ್ಲ.

ಮತ್ತೆ ನಾನು ಗಾಡಿ ಕಲಿತೆ — ಅದೇ ಇದರಲ್ಲಿ ನಾಚಿಕೆಗೇಡಿನ ಭಾಗ. ಮಾದೇವ ಹೇಳಿದ ಆ ಒಂದು ಮಾತು ಹಿಡಿದುಕೊಂಡೇ ಕಲಿತೆ. ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಒಂದು ದಿನ ಶರಾವತಿ ಸೇತುವೆ ಹತ್ತಿದೆ: ಬದಿಯಲ್ಲಿ ಟ್ಯಾಂಕರು, ಸಮುದ್ರದ ಕಡೆಯಿಂದ ಗಾಳಿ, ಕೆಳಗೆ ನೋಡಲಾಗದಷ್ಟು ನೀರು. ಕಣ್ಣನ್ನು ಸೇತುವೆಯ ಆಚೆ ತುದಿಗೆ ಕಟ್ಟಿದೆ. ಗಾಡಿ ಹೋಯಿತು. ಸಾವಿತ್ರಿಯನ್ನು ಹಿಂದೆ ಕೂರಿಸಿಕೊಂಡು ಇಡಗುಂಜಿ ದೇವಸ್ಥಾನಕ್ಕೆ ಹೋಗಿ ಗಾಡಿಗೆ ಪೂಜೆ ಮಾಡಿಸಿದೆ. ಅರ್ಚಕರು ಗಾಲಿಯಡಿ ನಿಂಬೆಹಣ್ಣು ಇಟ್ಟು "ಹೋಗಿ" ಎಂದರು. ಅದು ಪಚಕ್ಕೆಂದಾಗ ನನ್ನ ಕಾಲಿನ ಎಲುಬಲ್ಲಿ ಏನೋ ಚುಳುಕ್ ಎಂದಿತು.

ಭಟ್ಕಳದ ಕಚೇರಿಯಲ್ಲಿ ಗೆಳೆಯರು ಚಹಾ ಕುಡಿಯುತ್ತ ಕೇಳಿದರು, ಈ ಪ್ರಾಯದಲ್ಲಿ ಹೆದರಿಕೆ ಗೆದ್ದದ್ದು ಹೇಗೆ ಎಂದು. ಮನೋಬಲ, ಅಭ್ಯಾಸ, ಏಕಾಗ್ರತೆ ಎಂದೆಲ್ಲ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಚಪ್ಪಾಳೆಯೂ ಬಿತ್ತು. ಗೆದ್ದದ್ದೆಲ್ಲಿ? ಬೀಳುವ ಭಯ ಹೋಗಿತ್ತು. ಆ ಮೂರು ಪಾಲು ಹಾಗೆಯೇ ಇತ್ತು. ಸಾಕ್ಷಿಗಳಿಗೆ ಪ್ರಮಾಣ ಬೋಧಿಸುವಾಗ 'ಸತ್ಯವನ್ನೇ' ಎಂಬಲ್ಲಿ ಕೆಮ್ಮತೊಡಗಿದೆ. ಸಾಹೇಬರು ಒಮ್ಮೆ "ಶೀತವೇ?" ಎಂದು ಕೇಳಿದರು. ಹೌದೆಂದೆ. ನೋಡಿ, ಅದೂ...

ಎಷ್ಟು ಭಾನುವಾರ ಸೇತುವೆ ದಾಟಿ ಟೊಂಕದ ದಾರಿಯವರೆಗೆ ಹೋಗಿ ತಿರುಗಿ ಬಂದಿದ್ದೇನೋ. ಒಮ್ಮೆ ಪೆಟ್ರೋಲ್ ಕಡಿಮೆ ಇದೆ ಎಂದು ತಿರುಗಿಸಿದೆ. ಒಮ್ಮೆ ಮೋಡವಿದೆ ಎಂದು. ಒಮ್ಮೆ ಅವನನ್ನು ದೂರದಿಂದ ಕಂಡೆ — ಕುಂಟುತ್ತ ಪೆಟ್ಟಿಗೆ ತೊಳೆಯುತ್ತಿದ್ದ — ಕಂಡೆನೆಂದೇ ತಿರುಗಿಸಿದೆ.

ಕಳೆದ ತಿಂಗಳು ತಿರುಗಿಸಲಿಲ್ಲ. ಬಿಸಿಲು ಏರಿತ್ತು. ಅವನು ಸುತ್ತು ಮುಗಿಸಿ ಬಂದು, ಕವುಚಿದ ಪೆಟ್ಟಿಗೆಯ ಮೇಲೆ ಕುಳಿತಿದ್ದ.

"ಬನ್ನಿ ಭಟ್ರೆ. ಈಗ ಗಾಡಿ ಚಲೋ ಹೊಡಿತೀರಿ."

ನಿಂತಲ್ಲೇ ಎಲ್ಲ ಹೇಳಿದೆ. ನೀನು ಗಾಡಿ ನಿಲ್ಲಿಸಿದ್ದೆ, ನಾನೇ ಗುದ್ದಿದೆ, ಹಾರ್ನ್ ಏಕೆ ಹಾಕಲಿಲ್ಲವೆಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಜನರೆದುರು ಹಾಗೆ ಹೇಳಿದೆ. ಅವನು ಕೇಳಿ ಮುಗಿಸಿ ಕಾಲು ನೀವಿಕೊಂಡ.

"ಇದನ್ನ ನಂಗೆ ಎಂತಕ್ಕೆ ಹೇಳ್ತೀರಿ? ನಾ ಅಲ್ಲೇ ಇದ್ದೆ ಅಲ್ಲ?"

ಅವನು ನದಿಯಾಚೆ ಕೈ ತೋರಿಸಿದ.

"ಗೊತ್ತಿಲ್ಲದವ್ರಿಗೆ ಹೇಳಿ."

ಆ ದಿನ ನೀನಾದರೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಕೇಳುವ ಮುಖವೂ ನನಗಿತ್ತು! "ಹೇಳಿದ್ರೆ ಅಮ್ಮನ ಹೆಸ್ರು ಬರ್ತಿತ್ತು. ಸತ್ತವ್ರನ್ನ ಎಂತಕ್ಕೆ ರಸ್ತೆಗೆ ತರೂದು?" ಎಂದ. ಓಣಿಗೆ ಮತ್ತೆ ಬಾ, ನಮ್ಮ ಮನೆಯೆದುರೂ ಹಾರ್ನ್ ಹಾಕಿಕೊಂಡೇ ಬಾ ಎಂದೆ. ಅವನು ತಲೆಯಾಡಿಸಿದ. "ಬಂದ್ರೂ ಅಲ್ಲಿ ಹಾಕೂದಿಲ್ಲ ಭಟ್ರೆ. ಅದು ಅಮ್ಮನ ಹತ್ರ ಆಡಿದ ಮಾತು. ನಿಮ್ಮ ಹತ್ರ ಅಲ್ಲ."

ಮರುದಿನ ಬೆಳಿಗ್ಗೆ, ಹೆಂಗಸರೆಲ್ಲ ಗೇಟಿನಲ್ಲಿರುವ ಹೊತ್ತಿಗೆ, ಅದೇ ತಿರುವಿನಲ್ಲಿ ನಿಂತು ನಾಯ್ಕ ಮಾಸ್ತರನ್ನು ಕರೆದು ಗಟ್ಟಿಯಾಗಿ ಹೇಳಿದೆ. 'ಆದರೆ' ಎಂಬ ಶಬ್ದ ಬಳಸಬಾರದೆಂದು ಮೊದಲೇ ನಿಶ್ಚಯಿಸಿದ್ದೆ, ಬಳಸಲಿಲ್ಲ. ಮಾಸ್ತರು ಗೇಟು ದಾಟಿ ನನ್ನೆದುರು ಬಂದು ನಿಂತರು.

"ಅಲ್ಲ ಭಟ್ರೆ, ನಾಕು ವರ್ಷ ನಾ ಬಂಗ್ಡೆಗೆ ರಸ್ತೆ ತನಕ ನಡ್ದದ್ದು ನಿಮ್ಮ ಸಲುವಾಗಾ?"

ಒಬ್ಬಳು ನಕ್ಕಳು. ಮತ್ತೆ ಯಾರೂ ನಗಲಿಲ್ಲ. ಅವರೆಲ್ಲರ ಮುಖದಲ್ಲೂ ಹದಿನೆಂಟು ಹೆಬ್ಬೆಟ್ಟುಗಳ ನೆನಪು ಬಂದಂತಿತ್ತು. ಮಾಸ್ತರು ಒಳಗೆ ಹೋದರು. ಮಧ್ಯಾಹ್ನ ಗುಂಪಿನಲ್ಲಿ ಹಳೆಯ ಆಜ್ಞೆ ರದ್ದಾಗಿದೆ ಎಂದು ಬಂತು. ಸಂಜೆ ಅವರೇ ಟೊಂಕಕ್ಕೆ ಹೋಗಿಬಂದರೆಂದು ಸಾವಿತ್ರಿ ಹೇಳಿದಳು. ಮಾದೇವ ಏನೆಂದನೋ ಅವರು ತಿಳಿಸಲಿಲ್ಲ, ಕೇಳುವ ಅಧಿಕಾರ ನನಗಿಲ್ಲ.

ಮೂರು ವಾರವಾಯಿತು. ಅವನು ಬಂದಿಲ್ಲ. ಬರಬೇಕೆಂಬ ಕಾನೂನೂ ಇಲ್ಲ. ಅವನಿಗೆ ಈಗ ಬೇರೆ ಓಣಿಗಳಿವೆ, ಬೇರೆ ಗೇಟುಗಳಿವೆ. ಆದರೂ ಬೆಳಿಗ್ಗೆ ಸ್ನಾನ ಮುಗಿಸಿ, ಕಚೇರಿಗೆ ಹೊರಡುವ ಮುಂಚೆ, ಗಾಡಿಯನ್ನು ಒಳಗೇ ಬಿಟ್ಟು ನಾನು ಗೇಟಿನ ಹೊರಗೆ ಹೋಗಿ ತಿರುವಿನ ಕಡೆ ನೋಡುತ್ತ ನಿಲ್ಲುತ್ತೇನೆ. ಒಳಗೆ ಕುಳಿತು ಕಾಯುವಂತಿಲ್ಲ. ಅವನು ಬಂದರೂ ನಮ್ಮ ಮನೆಯೆದುರು ಸದ್ದು ಮಾಡುವುದಿಲ್ಲವಲ್ಲ.