ಗಾಳ ಹಾಕುವ ಕ್ಷೌರಿಕ

ನಮ್ಮ ಕ್ಷೌರಿಕ ಗೆಳೆಯನ ಜೊತೆ ಕೆರೆಗೆ ಬಾಸ್ ಮೀನು ಹಿಡಿಯಲು ಹೋದ ದಿನವೆಲ್ಲ ನನ್ನ ಹೊಟ್ಟೆಗೆ ಬೆಂಕಿ ಬಿದ್ದ ಹಾಗೆ. ದೋಣಿ ಒಂದೇ, ನೀರು ಒಂದೇ, ಗಾಳಕ್ಕೆ ಸಿಕ್ಕಿಸಿದ ರಬ್ಬರ್ ಹುಳವೂ ಒಂದೇ ಅಂಗಡಿಯದು. ಆದರೂ ಬೆಳಗಿನಿಂದ ನನ್ನ ದಾರಕ್ಕೆ ಜೊಂಡು, ಅವನ ದಾರಕ್ಕೆ ಮೊಳದುದ್ದದ ಮೀನು. ದೋಣಿಯಲ್ಲಿ ಒಳ್ಳೆಯ ಜಾಗವನ್ನೂ ನನಗೇ ಬಿಟ್ಟುಕೊಡುತ್ತಾನೆ ಪುಣ್ಯಾತ್ಮ, ಜಾಗ ಸರಿಯಿಲ್ಲ ಅಂತ ನೆಪ ಹೇಳುವ ಹಾಗೂ ಇಲ್ಲ. ಮೀನಿನ ಬಾಯಿಂದ ಕೊಕ್ಕೆ ಬಿಡಿಸುವಾಗ, ಗಿರಾಕಿಯ ಕಿವಿ ಹಿಂದೆ ಕತ್ತಿ ಆಡಿಸುವವನಂತೆ, "ತಲೆ ಅಲ್ಲಾಡಿಸಬೇಡ, ಆಯ್ತು, ಆಯ್ತು" ಎನ್ನುತ್ತಾನೆ. ಮೀನೂ ಸುಮ್ಮನಿರುತ್ತದೆ! ಆಮೇಲೆ ಅದನ್ನು ನನ್ನ ಕೈಗೆ ತುರುಕಿ, "ಹಿಡ್ಕೋ, ಒಂದು ಫೋಟೋ ತೆಗೀತೀನಿ. ಸ್ವಲ್ಪ ನಗೋ!" ಎನ್ನುತ್ತಾನೆ. ಮೀನು ಅವನದು, ಹೊರುವ ಕೂಲಿ ನಾನು ಎಂದುಕೊಂಡು ಹಲ್ಲು ಕಿರಿದು, ಅದನ್ನು ನೀರಿಗೇ ಬಿಡುತ್ತೇನೆ; ಹಿಡಿದು ಬಿಡುವುದೇ ನಮ್ಮ ಆಟ. ಈ ಉರಿಗೇ ಅವನ ಅಂಗಡಿ ಬಿಟ್ಟು ಬೇರೆ ಕಡೆ ಕ್ಷೌರ ಮಾಡಿಸಿಕೊಳ್ಳುತ್ತಿದ್ದೆ. ಮೊನ್ನೆ ಅಲ್ಲಿ ಬಾಗಿಲು ಹಾಕಿತ್ತು, ವಿಧಿಯಿಲ್ಲದೆ ಇವನ ಕುರ್ಚಿಯಲ್ಲೇ ಕೂತೆ. ಕನ್ನಡಿ ನೋಡಿದರೆ ಹಿಂದಿನ ಗೋಡೆ ತುಂಬ ಫೋಟೋಗಳು. ಎಲ್ಲದರಲ್ಲೂ ಮೀನು ಹಿಡಿದ ನಾನೇ, ಅವನು ಒಂದರಲ್ಲೂ ಇಲ್ಲ. ಬೆಂಚಿನಲ್ಲಿ ಕಾಯುತ್ತಿದ್ದ ಗಿರಾಕಿಗೆ ಅವನು, "ದೊಡ್ಡ ದೊಡ್ಡ ಮೀನು ಹಿಡಿಯೋ ಗೆಳೆಯ ಒಬ್ಬ ಇದಾನೆ ಅಂತಿದ್ನಲ್ಲ? ಇವನೇ!" ಎಂದ. ನಾನು ಅಲ್ಲ ಎಂದು ತಲೆಯಾಡಿಸಲು ಹೋದರೆ, ಕಿವಿ ಹಿಂದೆ ಕತ್ತಿ ಹಿಡಿದವನು, "ತಲೆ ಅಲ್ಲಾಡಿಸಬೇಡ, ಆಯ್ತು, ಆಯ್ತು" ಎಂದ. ಮೀನು ಅವನಿಗೇ ಸಿಗಲಿ, ಹೋಗಲಿ ಬಿಡಿ; ಇಂಥ ಮನಸ್ಸೂ ಅವನಿಗೇ ಸಿಗಬೇಕಿತ್ತೇ?