ಸೋತವರ ಬೆಂಚು

ಪಾಠ ಬರೆಯುವವರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಮಕ್ಕಳು ಮೇಷ್ಟ್ರನ್ನು ಬೈಯುತ್ತಾರೆ, ಮೇಷ್ಟ್ರು ಸರ್ಕಾರವನ್ನು ಬೈಯುತ್ತಾರೆ, ನಡುವೆ ಕೂತು ಕಣ್ಣು ಸವೆಸಿದ ಪುಣ್ಯಾತ್ಗಿತ್ತಿ ಯಾರಿಗೂ ಬೇಡ. ಈಕೆಗೆ ಒಂದು ಅಡ್ಡಹೆಸರಾದರೂ ಸಿಕ್ಕಿತ್ತು: ಕೆಂಪಿಂಕಮ್ಮ. ಯಾರು ಏನು ಬರೆದುಕೊಟ್ಟರೂ ಕೆಂಪು ಪೆನ್ನಿನಲ್ಲಿ ತಿದ್ದದೆ ಬಿಡುತ್ತಿರಲಿಲ್ಲ. ಮನೆಗೆ ಬಂದ ಮದುವೆ ಕಾಗದವನ್ನೂ ತಿದ್ದಿದ್ದಳೆಂದು ಶಿಕ್ಷಣ ಇಲಾಖೆಯವರು ಬೆನ್ನ ಹಿಂದೆ ನಗುತ್ತಿದ್ದರು. ಅದೇನೂ ಸುಳ್ಳಲ್ಲ.

ಮೂರು ವರ್ಷದ ಹಿಂದೆ ಚುನಾವಣೆಯ ಹೊತ್ತಿನಲ್ಲಿ ಯಾರೋ ಒಂದು ಬ್ಯಾನರ್ ಹರಿದರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ಜನ ಮೇಲ್ಬೀದಿಯಲ್ಲೂ ಇದ್ದರು, ಕೆಳಬೀದಿಯಲ್ಲೂ ಇದ್ದರು. ಸಂಜೆಯೊಳಗೆ ಕಲ್ಲು ಹಾರಾಡಿದವು, ಅಂಗಡಿಗಳು ಉರಿದವು. ಕೆಂಪಿಂಕಮ್ಮ ಮೇಲ್ಬೀದಿಯವಳು. ಅವಳ ಅಣ್ಣ ದರ್ಜಿ, ಅವನ ಅಂಗಡಿ ಇದ್ದದ್ದು ಕೆಳಬೀದಿಯ ಮೂಲೆಯಲ್ಲಿ. ಉರಿಯುವ ಅಂಗಡಿಯಿಂದ ಹೊಲಿಗೆ ಮಷೀನೊಂದನ್ನು ಹೊತ್ತು ತಂದವನು ಅಂದಿನಿಂದ ಮನೆಯ ಕಿಟಕಿ ಪಕ್ಕ ಕೂತು ಅಕ್ಕಪಕ್ಕದವರ ಪ್ಯಾಂಟಿನ ಅಂಚು ಮಡಚುತ್ತಿದ್ದ. ಕೆಳಬೀದಿಯ ಹೆಸರೆತ್ತಿದರೆ ಸಾಕು, ಕತ್ತರಿ ಕೆಳಗಿಟ್ಟು ಎದ್ದು ಹೋಗುತ್ತಿದ್ದ.

ಎರಡು ಬೀದಿಗೂ ಇದ್ದದ್ದು ಒಂದೇ ಶಾಲೆ, ಅದೂ ಕೆಳಬೀದಿಯ ತುದಿಯಲ್ಲಿ. ಗಲಾಟೆಯಾದ ಮೇಲೆ ಅದನ್ನು ಎರಡು ಪಾಳಿ ಮಾಡಿದರು. ಬೆಳಿಗ್ಗೆ ಮೇಲ್ಬೀದಿಯ ಮಕ್ಕಳು, ಮಧ್ಯಾಹ್ನದ ಮೇಲೆ ಕೆಳಬೀದಿಯವು. ಅದೇ ಬೋರ್ಡು, ಅದೇ ಬೆಂಚು, ಆದರೆ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಬೆಳಗಿನವರು ಬೆಂಚಿನ ಮೇಲೆ ಒಂದು ಬೈಗುಳ ಕೊರೆದಿಟ್ಟು ಹೋದರೆ ಮಧ್ಯಾಹ್ನದವರು ಅದರ ಕೆಳಗೇ ಉತ್ತರ ಕೊರೆಯುತ್ತಿದ್ದರು. ಅವರ ನಡುವೆ ಉಳಿದಿದ್ದ ಮಾತುಕತೆ ಅಷ್ಟೇ.

ಶಾಂತಿ, ಪ್ರಜಾಪ್ರಭುತ್ವ ಅಂತ ಮಕ್ಕಳಿಗೆ ಏನಾದರೂ ಮಾಡಬೇಕೆಂದು ಇಲಾಖೆಗೆ ಒಂದು ದಿನ ಜ್ಞಾನೋದಯವಾಯಿತು. ಘೋಷಣೆ ಬರೆಸೋಣ ಎಂದರು ಒಬ್ಬರು, ಭಾಷಣ ಸ್ಪರ್ಧೆ ಇಡೋಣ ಎಂದರು ಇನ್ನೊಬ್ಬರು. ಕೆಂಪಿಂಕಮ್ಮ ಎಲ್ಲವನ್ನೂ ಕೆಂಪಿನಲ್ಲಿ ಹೊಡೆದು ಹಾಕಿದಳು.

"ಭಾಷಣ ಕೇಳಿ ಯಾರ ಸಿಟ್ಟು ಇಳಿದಿದೆ ಹೇಳಿ? ಜಗಳ ಆಡೋದನ್ನೇ ಕಲಿಸೋಣ. ಆದ್ರೆ ಸರಿಯಾಗಿ ಆಡೋದನ್ನ."

ಹಾಗೆ ಹುಟ್ಟಿದ್ದು ಅವಳ ಪಾಠ, ಶಾಲೆಗೆ ಹೋಗಿ ಅದನ್ನು ನಡೆಸಿದವಳೂ ಅವಳೇ. ಎರಡು ಪಾಳಿಯ ನಡುವಿನ ಒಂದು ಗಂಟೆಯಲ್ಲಿ ಎರಡೂ ಕಡೆಯ ಏಳನೇ ತರಗತಿಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರಬೇಕು, ನಲ್ಲಿಯದೋ ಚೆಂಡಿನದೋ ಒಂದು ತಂಟೆ ತೆಗೆದುಕೊಂಡು ವಾದ ಮಾಡಬೇಕು. ನಿಯಮ ಒಂದೇ. ನಿನ್ನ ಮಾತು ಆಡುವ ಮೊದಲು ಎದುರಿನವನ ಮಾತನ್ನು ನೀನೇ ಹೇಳಬೇಕು, "ಹೌದು, ಅದೇ ನಾನು ಹೇಳಿದ್ದು" ಎಂದು ಅವನು ಒಪ್ಪುವವರೆಗೂ ನಿನಗೆ ಬಾಯಿಲ್ಲ. ಆಮೇಲೆ ಮತ. ಮತವಾದ ಮೇಲೂ ಬಿಡುಗಡೆಯಿಲ್ಲ. ಸೋತವರು ಮುಂದಿನ ಬೆಂಚಿನಲ್ಲಿ ಕೂತು ತಮ್ಮ ಸಂಕಟ ಹೇಳಬೇಕು, ಅದನ್ನು ಗೆದ್ದವರು ತಿರುಗಿ ಹೇಳಿ ಒಪ್ಪಿಸಬೇಕು. ಮಕ್ಕಳು ಅದಕ್ಕೆ ಸೋತವರ ಬೆಂಚು ಎಂದು ಹೆಸರಿಟ್ಟವು.

ಕೊನೆಯ ಪಾಠದ ಪ್ರಶ್ನೆ ಸಣ್ಣದಲ್ಲ. ಎರಡು ಪಾಳಿ ಒಂದಾಗಬೇಕೇ, ಬೇಡವೇ? ಅದರ ಕೆಳಗೆ ಅವಳು ಬರೆದಿದ್ದಳು: ಮಕ್ಕಳ ತೀರ್ಮಾನವೇ ತೀರ್ಮಾನ, ದೊಡ್ಡವರು ಅದನ್ನು ತಿದ್ದುವಂತಿಲ್ಲ. ಊರಿನವರ ಸಾಲನ್ನೆಲ್ಲ ತಿದ್ದುವವಳು ಈ ಸಾಲನ್ನು ಮಾತ್ರ ಎರಡನೇ ಸಲ ಓದಲಿಲ್ಲ. ಉತ್ತರ ಏನು ಬರುತ್ತದೆಂದು ಅವಳಿಗೆ ಅಷ್ಟು ಖಾತ್ರಿ!

ಇಲಾಖೆಯ ಸಾಹೇಬರಿಗೆ ಖಾತ್ರಿಯಿರಲಿಲ್ಲ. "ನೋಡಿ ಮೇಡಂ, ಹೌದು ಅಂತ ಬಂದ್ರೆ ಮುಂದಿನ ತಿಂಗಳಿಂದ ಒಂದೇ ಪಾಳಿ. ಬೇಡ ಅಂತ ಬಂದ್ರೆ ಮೇಲ್ಬೀದಿಗೆ ಬೇರೆ ಶಾಲೆ ಕಟ್ಟೋ ಕಡತ ನನ್ನ ಮೇಜಿನ ಮೇಲೇ ಇದೆ, ಸಹಿ ಹಾಕಿಬಿಡ್ತೀನಿ. ಆಮೇಲೆ ಈ ಜನ್ಮದಲ್ಲಿ ಇವರು ಒಂದಾಗಲ್ಲ."

"ಹೌದು ಅಂತಲೇ ಬರತ್ತೆ ಸರ್," ಎಂದಿದ್ದಳು.

ಮತದ ದಿನ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಅಣ್ಣ ಸೂಜಿಗೆ ದಾರ ಪೋಣಿಸುತ್ತ, ತಲೆಯೆತ್ತದೆ ಹೇಳಿದ: "ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅಂತಾರೆ. ನೀನು ಎರಡನ್ನೂ ಒಟ್ಟಿಗೆ ಮಾಡೋಕೆ ಹೊರಟಿದ್ದೀಯ."

"ಹೊರಡೋ ಹೊತ್ತಲ್ಲಿ ಅಪಶಕುನ ನುಡೀಬೇಡ್ವೋ," ಎಂದಳು ತಾಯಿ ಒಳಗಿನಿಂದ.

"ಅಪಶಕುನ ಏನಮ್ಮ? ಆ ಬೀದೀಲಿ ಒಂದು ದಿನ ನಡೆದು ಬರಲಿ ಇವಳು. ಆಮೇಲೆ ಪಾಠ ಬರೀಲಿ."

ಕೆಂಪಿಂಕಮ್ಮ ಚೀಲ ಹೆಗಲಿಗೇರಿಸಿ ಹೊರಬಿದ್ದಳು. ಅಣ್ಣ ಹೇಳಿದ್ದು ನಿಜವೇ. ಕೆಳಬೀದಿಯಲ್ಲಿ ನಡೆದರೆ ಶಾಲೆ ಹತ್ತಿರ, ಆದರೂ ಅವಳು ದಿನವೂ ಬಸ್ಸು ಹತ್ತಿ, ಹೆದ್ದಾರಿ ಬಳಸಿ, ಹಿಂದಿನ ಗೇಟಿನಿಂದ ಒಳಗೆ ಹೋಗುತ್ತಿದ್ದಳು. ಬಸ್ಸಾದರೆ ಕಾಲು ನೋಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಏಳನೇ ತರಗತಿಯ ಕೋಣೆ ಸೆಕೆಯಲ್ಲಿ ಬೇಯುತ್ತಿತ್ತು. ಸಾಹೇಬರು ಮೂಲೆಯ ಕುರ್ಚಿಯಲ್ಲಿ ಕೂತು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಮಕ್ಕಳು ಸಾಲಾಗಿ ಬಂದು ಮಡಚಿದ ಚೀಟಿಗಳನ್ನು ಸೀಮೆಸುಣ್ಣದ ಖಾಲಿ ಡಬ್ಬಿಗೆ ಹಾಕಿದವು. ಕೆಳಬೀದಿಯ ವಕೀಲಮ್ಮ ಹಾಕಿದಳು. ಗಾಳಿಯ ಜೊತೆಗೂ ವಾದಕ್ಕೆ ನಿಲ್ಲುವ ಹುಡುಗಿ, ಅದಕ್ಕೇ ಆ ಹೆಸರು. ಅವಳ ಹಿಂದೆಯೇ ಚೀಟಿ ಹಾಕಿದವನು ಮೇಲ್ಬೀದಿಯ ಹುಡುಗ, ತರಗತಿಗೆಲ್ಲ ಎತ್ತರದವನಾದ್ದರಿಂದ ಗೂಟ ಎಂದು ಅಡ್ಡಹೆಸರು. ಮೊದಲ ದಿನ ಒಬ್ಬರ ಮುಖಕ್ಕೆ ಒಬ್ಬರು ಉಗಿಯುವುದೊಂದು ಬಾಕಿಯಿತ್ತು ಈ ಇಬ್ಬರಿಗೆ. ಈಗ ಒಂದು ರಬ್ಬರನ್ನು ಎರಡು ತುಂಡು ಮಾಡಿ ಹಂಚಿಕೊಂಡಿದ್ದರು. ಅದನ್ನು ನೋಡಿ ಕೆಂಪಿಂಕಮ್ಮನ ಮನಸ್ಸು ಹಗುರಾಯಿತು. ಇನ್ನೇನು, ಗೆದ್ದಂತೆಯೇ.

ಎಣಿಕೆ ಹೆಡ್‌ಮಿಸ್ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು. ಹೆಡ್‌ಮಿಸ್ ಒಂದೊಂದೇ ಚೀಟಿ ಬಿಡಿಸಿ ಮೇಜಿನ ಮೇಲೆ ಎರಡು ಗುಡ್ಡೆ ಮಾಡಿದರು. ಬೇಡ. ಬೇಡ. ಹೌದು. ಬೇಡ. ಎಡಗಡೆಯ ಗುಡ್ಡೆ ಬೆಳೆಯುತ್ತಲೇ ಹೋಯಿತು. ಹೆಡ್‌ಮಿಸ್ ಮತ್ತೊಮ್ಮೆ ಎಣಿಸಿದರು. ಅಷ್ಟೇ ಬಂತು.

"ಮಕ್ಕಳಿಗೆ ಏನು ಗೊತ್ತಾಗತ್ತೆ?" ಸಾಹೇಬರು ದನಿ ತಗ್ಗಿಸಿದರು. "ಹೊರಗೆ ಹೋಗಿ ಹೌದು ಅಂತ ಹೇಳಿ ಮೇಡಂ. ಚೀಟಿ ಯಾರು ನೋಡ್ತಾರೆ? ನಿಮಗೂ ಅದೇ ಬೇಕು, ನನಗೂ ತಲೆನೋವು ತಪ್ಪತ್ತೆ. ಒಳ್ಳೇದಕ್ಕೇ ತಾನೇ ಹೇಳೋದು?"

ಒಳ್ಳೆಯದಕ್ಕೇ. ಒಂದು ಮಾತು ಆಡಿದರೆ ಈ ಮಕ್ಕಳು ಒಂದಾಗುತ್ತವೆ. ಆಡದಿದ್ದರೆ ಸಾಹೇಬರ ಸಹಿ, ಬೇರೆ ಶಾಲೆ, ಮುಗಿಯಿತು ಕಥೆ. ಆದರೆ ಆ ಒಂದು ಮಾತು ಸುಳ್ಳು, ಮತ್ತು ಆ ಸುಳ್ಳಿನ ಮೇಲೆ ನಿಲ್ಲುವ ಪಾಠಕ್ಕೆ ತಾನೇ ಮೊದಲು ಕಾರಿ ಉಗುಳುವವಳು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು?

"ಎಲ್ಲರದ್ದನ್ನೂ ತಿದ್ದುತ್ತೀನಿ ಸರ್. ಇದನ್ನ ತಿದ್ದಲ್ಲ," ಎಂದವಳೇ ಎರಡೂ ಗುಡ್ಡೆಯನ್ನು ಡಬ್ಬಿಗೆ ತುಂಬಿಕೊಂಡು ತರಗತಿಗೆ ನಡೆದಳು.

"ಬೇಡ ಅನ್ನೋದು ಗೆದ್ದಿದೆ," ಎಂದಳು.

ಸಾಹೇಬರು ಬಾಗಿಲಲ್ಲೇ ನಿಂತಿದ್ದರು. "ಆಯ್ತಲ್ಲ. ನಾನು ಹೊರಡ್ತೀನಿ. ಕಡತ ನಾಳೆ ಕಳಿಸ್ತೀನಿ."

"ಸರ್, ಇನ್ನೂ ಮುಗಿದಿಲ್ಲ," ಎಂದು ವಕೀಲಮ್ಮ ಎದ್ದಳು. "ಸೋತವರ ಬೆಂಚು ಬಾಕಿ ಇದೆ."

"ಯಾರು ಸೋತಿದ್ದು?" ಎಂದು ಗೂಟ ಸುತ್ತಲೂ ನೋಡಿದ. ಒಬ್ಬರೂ ಅಲುಗಾಡಲಿಲ್ಲ. ಹೌದು ಎಂದು ಹಾಕಿದವರಿಗೆ ಎದ್ದು ನಿಲ್ಲಲು ಧೈರ್ಯ ಸಾಲದು. ಆಗ ಕೆಂಪಿಂಕಮ್ಮನೇ ಹೋಗಿ ಮಕ್ಕಳ ಆ ಗಿಡ್ಡ ಬೆಂಚಿನಲ್ಲಿ ಕೂತಳು. ಮೊಣಕಾಲು ಎದೆಗೆ ತಾಗುತ್ತಿತ್ತು. ಯಾರೂ ನಗಲಿಲ್ಲ.

"ನಾನು ಸೋತೆ," ಎಂದಳು. "ನೀವು ಒಟ್ಟಿಗೆ ಕೂರಬೇಕು ಅಂತ ನನಗೆ ತುಂಬ ಆಸೆ ಇತ್ತು. ಯಾಕಂದ್ರೆ..." ಸಾಹೇಬರ ಎದುರಿಗೆ, ಹೆಡ್‌ಮಿಸ್ ಎದುರಿಗೆ, ಇಷ್ಟು ಮಕ್ಕಳ ಎದುರಿಗೆ ಹೇಳುವುದೆಂದರೆ! ಆದರೆ ನಿಯಮ ಬರೆದವಳು ತಾನೇ. "ನಮ್ಮಣ್ಣನ ಅಂಗಡಿ ಈ ಬೀದೀಲಿ ಉರೀತು. ಅವತ್ತಿಂದ ನಾನು ಈ ಬೀದಿಗೆ ಕಾಲಿಟ್ಟಿಲ್ಲ. ಹಿಂದಿನ ಗೇಟಿಂದ ಬರ್ತೀನಿ. ನನ್ನ ಕೈಲಿ ಆಗದೇ ಇದ್ದದ್ದು ನಿಮ್ಮ ಕೈಲಾದ್ರೂ ಆಗಲಿ ಅಂತ ಈ ಪಾಠ ಬರೆದೆ."

ವಕೀಲಮ್ಮ ಜಡೆಯ ತುದಿ ಬಾಯಿಂದ ತೆಗೆದಳು. "ಮಿಸ್‌ಗೆ ನಾವು ಒಟ್ಟಿಗೆ ಕೂರಬೇಕು ಅಂತ ಆಸೆ. ಮಿಸ್‌ಗೆ ನಮ್ಮ ಬೀದಿ ಕಂಡ್ರೆ ಭಯ. ಅದಕ್ಕೆ ನಮ್ಮನ್ನ ಮೊದಲು ಕಳಿಸಿ ನೋಡಿದ್ರು."

ಅಷ್ಟು ಸಪಾಟಾಗಿ ಕೆಂಪಿಂಕಮ್ಮನಿಗೆ ಯಾರೂ ಹೇಳಿರಲಿಲ್ಲ, ಅಣ್ಣ ಕೂಡ. "ಹೌದು, ಅದೇ ನಾನು ಹೇಳಿದ್ದು," ಎಂದಳು.

"ಹಾಗಾದ್ರೆ ಈಗ ನಮ್ಮ ಸರದಿ," ಎಂದ ಗೂಟ. "ಪಾಳಿ ಒಂದಾದ್ರೆ ಸಂಜೆ ನಾವು ಕೆಳಬೀದೀಲಿ ನಡೆದು ಹೋಗ್ಬೇಕು. ಈಗ ಮಧ್ಯಾಹ್ನ ಅಲ್ಲಿ ಯಾರೂ ಇರಲ್ಲ. ಸಂಜೆ ಗಂಡಸರೆಲ್ಲ ಬಾಗಿಲಲ್ಲಿ ಕೂತಿರ್ತಾರೆ. ಕ್ಲಾಸಲ್ಲಿ ಭಯ ಇಲ್ಲ ಮಿಸ್. ದಾರೀಲಿ ಭಯ."

"ನಾನೂ ಬೇಡ ಅಂತಾನೇ ಹಾಕಿದ್ದು," ಎಂದಳು ವಕೀಲಮ್ಮ. ಇಷ್ಟು ದಿನ ಗಟ್ಟಿಯಾಗಿದ್ದ ಅವಳ ದನಿ ಮೊದಲ ಸಲ ಸಣ್ಣಗಾಯಿತು. "ನಮ್ಮಪ್ಪ ಇವನಿಗೆ ಏನಾದ್ರೂ ಅಂದುಬಿಟ್ರೆ, ಮಾರನೇ ದಿನ ನಾನು ಇವನ ಪಕ್ಕ ಹೇಗೆ ಕೂರಲಿ?"

ಮತ ಗುಟ್ಟಾಗಿರಬೇಕೆಂದು ಕಲಿತಿದ್ದ ಹುಡುಗಿ ತನ್ನ ಗುಟ್ಟನ್ನು ತಾನೇ ಬಿಚ್ಚಿಟ್ಟು, ಸಾಹೇಬರ ಕಡೆ ತಿರುಗಿದಳು. "ಸರ್, ನಾವು ಏನು ಹೇಳಿದ್ವಿ, ನೀವೂ ಹೇಳಿ."

ಸಾಹೇಬರಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು. "ಅದೇ... ನಿಮಗೆ ಒಟ್ಟಿಗೆ ಕೂರೋದು ಇಷ್ಟ ಇಲ್ಲ."

"ಅಲ್ಲ," ಎಂದವು ಮಕ್ಕಳು, ಎರಡೂ ಬೀದಿಯವು, ಒಂದೇ ಬಾಯಲ್ಲಿ.

ಸಾಹೇಬರು ಕರ್ಚೀಫು ಮಡಚಿದರು, ಬಿಡಿಸಿದರು. ಎದ್ದು ಹೋಗಬಹುದಿತ್ತು. ಯಾಕೋ ಹೋಗಲಿಲ್ಲ. "ಒಟ್ಟಿಗೆ ಕೂರೋಕೆ ಇಷ್ಟ ಇದೆ. ಮನೆಗೆ ಹೋಗೋ ದಾರಿ ಸರಿಯಿಲ್ಲ. ದಾರಿ ಕೆಡಿಸಿದ್ದು ದೊಡ್ಡವರು."

"ಕೊನೇದು ನಾವು ಹೇಳಿಲ್ಲ ಸರ್," ಎಂದಳು ವಕೀಲಮ್ಮ. "ಆದ್ರೂ ಇರಲಿ. ಹೌದು, ಅದೇ ನಾವು ಹೇಳಿದ್ದು."

ಸಾಹೇಬರು ಹೊರಡುವಾಗ ಕೆಂಪಿಂಕಮ್ಮನ ಹತ್ತಿರ ನಿಂತರು. "ಒಂದು ಟರ್ಮ್ ಕಡತ ಮುಟ್ಟಲ್ಲ. ಆಮೇಲೆ ಇನ್ನೊಂದು ಸಲ ಮತ ಕೇಳಿ. ಆಗ್ಲೂ ಬೇಡ ಅಂದ್ರೆ ನನ್ನ ಬಾಗಿಲಿಗೆ ಬರಬೇಡಿ." ಮುಖ ಗಂಟಿಕ್ಕಿಕೊಂಡೇ ಹೇಳಿದರು.

ಮಧ್ಯಾಹ್ನದ ಪಾಳಿ ಬಿಡುವವರೆಗೂ ಅವಳು ಶಾಲೆಯಲ್ಲೇ ಕೂತಿದ್ದಳು. ಗಂಟೆ ಹೊಡೆದಾಗ ಮುಂದಿನ ಗೇಟಿಗೆ ಬಂದು ವಕೀಲಮ್ಮನನ್ನು ಕರೆದಳು. "ನಿಮ್ಮ ಬೀದೀಲಿ ಮನೆಗೆ ಹೋಗ್ತೀನಿ. ಜೊತೆಗೆ ಬರ್ತೀಯಾ?"

ಹುಡುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಚೀಲ ಆ ಕಡೆ ಹಾಕ್ಕೊಳ್ಳಿ. ಈ ಕೈ ನಾನು ಹಿಡ್ಕೋತೀನಿ."

ಬೀದಿಯುದ್ದಕ್ಕೂ ಬಾಗಿಲುಗಳಲ್ಲಿ ಗಂಡಸರು ಕೂತಿದ್ದರು. ಮಾತುಗಳು ಒಂದೊಂದಾಗಿ ನಿಂತವು. ಕೆಂಪಿಂಕಮ್ಮ ಯಾರ ಮುಖವನ್ನೂ ನೋಡದೆ ನೆಲ ನೋಡಿಕೊಂಡು ನಡೆದಳು. ಅಣ್ಣನ ಅಂಗಡಿಯಿದ್ದ ಮೂಲೆಯ ಹತ್ತಿರ ದಾರಿಗೆ ಅಡ್ಡವಾಗಿ ಒಂದು ಸೈಕಲ್ಲು ಮಲಗಿತ್ತು. ಅದರ ಚೈನು ಕಟ್ಟುತ್ತಿದ್ದ ಗಂಡಸು ತಲೆಯೆತ್ತಿದ.

"ಯಾರೇ ಇದು?"

"ನಮ್ಮ ಮಿಸ್ಸು ಅಪ್ಪಾ. ಇವತ್ತು ಸೋತ್ರು."

ಅವನು ಎದ್ದು ನಿಂತ. ಎಣ್ಣೆಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಅವಳನ್ನೇ ನೋಡಿದ. "ಮೂಲೆ ಅಂಗಡಿ ದರ್ಜಿ ತಂಗಿ ಅಲ್ವಾ ನೀವು?"

"ಹೌದು," ಎಂದಳು. ಹುಡುಗಿ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಅವನು ಬಗ್ಗಿ ಸೈಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿದ. "ನೋಡ್ಕೊಂಡು ಹೋಗಿ. ಮುಂದೆ ಚರಂಡಿ ಕಲ್ಲು ಅಲ್ಲಾಡತ್ತೆ."

ಅವಳು ಮನೆಯೊಳಗೆ ಕಾಲಿಟ್ಟಾಗ ಅಣ್ಣ ಮಷೀನಿನ ಮುಂದಿದ್ದ. "ಬಸ್ಸು ಬರೋ ಹೊತ್ತಲ್ಲ ಇದು. ಹೇಗೆ ಬಂದೆ?"

"ಕೆಳಬೀದೀಲಿ. ನಡ್ಕೊಂಡು."

ಅಣ್ಣ ಕತ್ತರಿ ಕೆಳಗಿಟ್ಟ. ಎದ್ದು ಹೋಗುತ್ತಾನೆಂದು ಅವಳು ಕಾದಳು. ಅಣ್ಣ ಏಳಲಿಲ್ಲ.

"ಯಾರೂ ಏನೂ ಅನ್ನಲಿಲ್ವಾ?"

"ನಿನ್ನ ಮೂಲೆ ಹತ್ರ ಒಬ್ಬರು ಸೈಕಲ್ಲು ಅಡ್ಡ ಹಾಕಿದ್ರು. ದರ್ಜಿ ತಂಗಿ ಅಂತ ಗುರುತು ಹಿಡಿದ್ರು. ಆಮೇಲೆ ದಾರಿ ಬಿಟ್ರು. ಕಲ್ಲು ಅಲ್ಲಾಡತ್ತೆ, ನೋಡ್ಕೊಂಡು ಹೋಗಿ ಅಂದ್ರು."

ಅಣ್ಣ ಬಟ್ಟೆಯ ಅಂಚನ್ನು ಉಗುರಿನಿಂದ ತೀಡಿದ.

"ದರ್ಜಿ ತಂಗಿ ಅಂತ ಗೊತ್ತಾದ ಮೇಲೂ," ಎಂದ ನಿಧಾನವಾಗಿ, "ದಾರಿ ಬಿಟ್ರು. ನೋಡ್ಕೊಂಡು ಹೋಗಿ ಅಂದ್ರು."

ಕೆಂಪಿಂಕಮ್ಮನಿಗೆ ಕಣ್ಣು ತುಂಬಿ ಬಂತು.

"ಹೌದಣ್ಣ," ಎಂದಳು. "ಅದೇ ನಾನು ಹೇಳಿದ್ದು."